ಕೊಸರು ನೀರು

ಮಾರ್ಚ್ ೩, ಸೋಮವಾರ

ಸರ್ವಿಸ್ ಪೂರ್ತಿ ಅಂಗಡಿಗಳ ತಕ್ಕಡಿ ತಪಾಸಣೆ ಮಾಡಿಕೊಂಡು ಬಂದವನು ಮನೆಯ ಮೇಜಿನ ಮೇಲಿನ ಬಾಟಲಿಯನ್ನು ತಪಾಸಣೆ ಮಾಡದೆ ಹೇಗೆ ಕುಡಿಯಲಿ? ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಸೊಸೆ ಅಡುಗೆಮನೆಯಿಂದ ಬಂದು ಒಂದು ಬಾಟಲಿ ಪಕ್ಕದ ಮೇಜಿನ ಮೇಲೆ ಇಟ್ಟು, ತುಟಿ ಬಿಚ್ಚದೆ ಹೋದಳು. ಒಳಗಿದ್ದದ್ದು ನೀರಲ್ಲ. ನೀರಾಗಿದ್ದರೆ ಅದರ ಆಚೆ ಕಿಟಕಿಯ ಸರಳು ನೆಟ್ಟಗೆ ಕಾಣಬೇಕಿತ್ತು. ಕಾಣಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಕೈಯಲ್ಲಿ ಹಿಡಿದುಕೊಂಡೇ ನಡಿಗೆಗೆ ಹೋದೆ, ಮುಚ್ಚಳ ತೆಗೆಯದೆ ವಾಪಸು ತಂದೆ.

ವಿಷಯ ಇದು, ನನಗೇ ಸ್ಪಷ್ಟವಾಗಲಿ ಎಂದು ಬರೆದಿಡುತ್ತೇನೆ. ನಿನ್ನೆ ಊಟದ ಹೊತ್ತಿನಲ್ಲಿ ಮಗ ಗಂಟಲು ಸರಿಮಾಡಿಕೊಂಡ. ಅವನು ಗೂಡ್ಸ್ ರೈಲಿನ ಚಾಲಕ. ಡ್ಯೂಟಿ ಇದ್ದರೆ ಮನೆಯಲ್ಲಿರುವುದಿಲ್ಲ, ಮನೆಯಲ್ಲಿದ್ದರೆ ನಿದ್ದೆ ಮಾಡುತ್ತಾನೆ. ಅಂಥವನು ಎದುರು ಕೂತು ಮಾತು ತೆಗೆದರೆ ಏನೋ ಇದೆ ಎಂದೇ ಅರ್ಥ. ಸೊಸೆಯ ಹೆರಿಗೆ ರಜೆ, ಅದಕ್ಕೆ ಸೇರಿಸಿ ಹಾಕಿದ ಸಂಬಳವಿಲ್ಲದ ರಜೆ ಎಲ್ಲ ಏಪ್ರಿಲ್‌ನಲ್ಲಿ ಮುಗಿಯುತ್ತದೆ, ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಅವಳು ಮರಳಬೇಕು. ಹಗಲು ಹೊತ್ತು ಮಗುವನ್ನು ಯಾರು ನೋಡಿಕೊಳ್ಳುವುದು? ನಾನಿದ್ದೇನಲ್ಲ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೆಬ್ರವರಿಯಲ್ಲಿ ನಾನು ಬಚ್ಚಲಲ್ಲಿ ತಲೆಸುತ್ತಿ ಬಿದ್ದದ್ದು, ಸೊಸೆ ಬಾಗಿಲು ಒದ್ದು ತೆಗೆದದ್ದು, ಎಲ್ಲ ಆ ನೋಟದಲ್ಲಿತ್ತು.

"ಮೊದ್ಲು ನೀವು ಗಟ್ಟಿಯಾಗಿ, ಅಪ್ಪ. ಆಮೇಲೆ ನೋಡೋಣ" ಎಂದ ಮಗ. ಆಗದಿದ್ದರೆ ಬೀಗಿತ್ತಿ ಇದ್ದಾರಂತೆ, ಪಕ್ಕದ ಊರಿನಲ್ಲಿ. ಸೋಮವಾರ ಒಯ್ದು ಶನಿವಾರ ತಂದುಬಿಡುತ್ತಾರಂತೆ. ಒಯ್ದು ತಂದುಬಿಡುವುದಕ್ಕೆ ಮಗು ಏನು ಗ್ಯಾಸ್ ಸಿಲಿಂಡರೇ?

ಬಟ್ಟು ಅಂತ ನಾನು ಕರೆಯುವುದು ಮೊಮ್ಮಗಳನ್ನು. ತಕ್ಕಡಿಯ ತೂಕದ ಬಟ್ಟಿನ ಹಾಗೆಯೇ ಇದ್ದಾಳೆ: ದುಂಡಗೆ, ಭಾರವಾಗಿ, ಎಲ್ಲಿ ಕೂರಿಸಿದರೆ ಅಲ್ಲೇ. ಅವಳ ಅಜ್ಜಿ, ನನ್ನ ಹೆಂಡತಿ, ತೀರಿಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ನೋಡಿ ನಗುವ ಪ್ರಾಣಿ ಅದೊಂದೇ.

ಆದ್ದರಿಂದ ಗಟ್ಟಿಯಾಗಬೇಕು. ಮೈದಾನದಲ್ಲಿ ನಿವೃತ್ತರ ನಡಿಗೆ ತಂಡ ಸೇರಿದ್ದೇನೆ. ಆ ಬಾಟಲಿಯನ್ನು ಮಾತ್ರ ನಂಬುವುದಿಲ್ಲ. ಬೆನಿಫಿಟ್ ಆಫ್ ಡೌಟ್ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಏನೋ ಹೇಳುತ್ತಿದ್ದರು. ನಮ್ಮ ತೂಕ ಅಳತೆ ಇಲಾಖೆಯಲ್ಲಿ ಡೌಟನ್ನು ನಾವೇ ಇಟ್ಟುಕೊಳ್ಳುತ್ತಿದ್ದೆವು, ಬೆನಿಫಿಟ್ಟನ್ನು ಯಾರಿಗೂ ಕೊಟ್ಟವರಲ್ಲ.

ಮಾರ್ಚ್ ೬, ಗುರುವಾರ

ನಮ್ಮ ತರಬೇತುದಾರನಿಗೆ ಎಲ್ಲರೂ ಸೀಟಿ ಎನ್ನುತ್ತಾರೆ. ಕೊರಳಲ್ಲಿ ಸೀಟಿ ತೂಗುಹಾಕಿಕೊಂಡಿರುತ್ತಾನೆ, ಊದಿದ್ದನ್ನು ನಾನಿನ್ನೂ ಕೇಳಿಲ್ಲ. ಮೈದಾನದ ಗೇಟಿನಲ್ಲಿ ಪಾನೀಯಗಳ ಅಂಗಡಿ ಇದೆ, ಕೆಂಪು, ನೀಲಿ, ಹಸಿರು ಬಾಟಲಿಗಳು, ಒಂದೊಂದರ ಮೇಲೂ ಓಡುತ್ತಿರುವ ಮನುಷ್ಯನ ಚಿತ್ರ. ಅಂಗಡಿಯವನು ಸೀಟಿಯ ಭಾವಮೈದ. ಇದನ್ನು ತಿಳಿಯಲು ನನಗೆ ಒಂದು ದಿನವೂ ಹಿಡಿಯಲಿಲ್ಲ.

ಇವತ್ತು ಸೀಟಿ ನಮ್ಮನ್ನೆಲ್ಲ ಮರದ ಕೆಳಗೆ ಕೂರಿಸಿ ಯಾವಾಗ ಏನು ಕುಡಿಯಬೇಕು ಎಂದು ಉಪನ್ಯಾಸ ಕೊಟ್ಟ. ಒಂದು ಗಂಟೆಯೊಳಗಿನ ನಡಿಗೆಗೆ ಬರೀ ನೀರು ಸಾಕಂತೆ. ಬಿಸಿಲಿನಲ್ಲಿ ಬಹಳ ಹೊತ್ತು ನಡೆದು ಅಂಗಿ ಹಿಂಡುವಷ್ಟು ಬೆವರಿದರೆ ಬೆವರಿನ ಜೊತೆ ಉಪ್ಪೂ ಹೋಗುತ್ತದಂತೆ, ಆಗ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಇರುವುದು ಒಳ್ಳೆಯದಂತೆ. ತೀರಾ ಸಿಹಿಯಾದದ್ದು ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದಂತೆ. ಬಣ್ಣದ ಬಾಟಲಿ ನಮ್ಮಂಥವರಿಗೆ ಬೇಕಾಗಿಲ್ಲವಂತೆ.

ಇದು ಯಾವ ಥರದ ವ್ಯಾಪಾರ? ಭಾವಮೈದ ಮಾರುವ ಸರಕನ್ನು ಬೇಡ ಎನ್ನುವವನು! "ಇದನ್ನ ತಗೋಬೇಡಿ ಸಾರ್, ಚೆನ್ನಾಗಿಲ್ಲ" ಎಂದು ಅಂಗಡಿಯವನು ಹೇಳಿದಾಗಲೆಲ್ಲ ನಾನು ಮೊದಲು ತಕ್ಕಡಿ ಬಟ್ಟಲಿನ ತಳ ತಿರುಗಿಸಿ ನೋಡುತ್ತಿದ್ದೆ, ಮೇಣ ಮೆತ್ತಿದ್ದಾನೋ ಏನೋ ಎಂದು. ಬೇಡ ಎಂದು ಹೇಳಿ ವಿಶ್ವಾಸ ಗಳಿಸುವುದು, ಆಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಮಾರುವುದು. ನೋಡುತ್ತಿರುತ್ತೇನೆ.

ಒಂದು ಮಾತು ಮಾತ್ರ ಮನಸ್ಸಿಗೆ ಹಿಡಿಯಿತು. ನಡೆಯುವ ಮೊದಲು ತೂಕ ನೋಡಿಕೊಳ್ಳಿ, ನಡೆದು ಬಂದ ಮೇಲೆ ನೋಡಿಕೊಳ್ಳಿ, ಕಮ್ಮಿಯಾದದ್ದು ಬೆವರು ಎಂದ. ಸರಳ, ಶುದ್ಧ, ಇಲಾಖೆಗೆ ಒಪ್ಪುವ ಮಾತು. ಆದರೆ ಕೊನೆಗೆ "ತೂಕ ಜಾಸ್ತಿಯಂತೂ ಆಗ್ಲೇಬಾರದು ಯಜಮಾನ್ರೇ, ಅದು ಅಪಾಯ" ಎಂದು ಸೇರಿಸಿ ಕೆಡಿಸಿಕೊಂಡ. ಜಾಸ್ತಿ ಬಂತು ಎಂದು ನನ್ನ ಸರ್ವಿಸಿನಲ್ಲಿ ಒಬ್ಬ ಗಿರಾಕಿಯಾದರೂ ದೂರು ಕೊಟ್ಟಿದ್ದಾನೆಯೇ?

ಮಾರ್ಚ್ ೯, ಭಾನುವಾರ

ಅಟ್ಟದಿಂದ, ಮೇಲೆ ನಿಂತು ತೂಕ ನೋಡುವ ತಕ್ಕಡಿ ಇಳಿಸಿದೆ. ಇಲಾಖೆ ಹರಾಜು ಹಾಕಿದಾಗ ತಂದದ್ದು, ನಾನೇ ಸರಿ ಎಂದು ಮುದ್ರೆ ಒತ್ತಿದ್ದು. ಅದನ್ನು ತಂದ ದಿನ ಹೆಂಡತಿ "ಮನೆಗೆ ಕುರ್ಚಿ ತನ್ನಿ ಅಂದ್ರೆ ತಕ್ಕಡಿ ತಂದಿದೀರಲ್ಲ, ನೆಂಟರು ಬಂದ್ರೆ ಇದರ ಮೇಲೆ ಕೂರಿಸ್ಲಾ?" ಎಂದಿದ್ದಳು.

ಅವಳು ತರಕಾರಿ ಕೊಳ್ಳುವುದನ್ನು ನೋಡಬೇಕಿತ್ತು. ತೂಕ ಆದ ಮೇಲೆ ಚೀಲ ಮುಚ್ಚುತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡ ಚೀಲ ಹಿಡಿದು ಸುಮ್ಮನೆ ನಿಂತಿರುವಳು. ಮಾರುವವನು ಆಕಾಶ ನೋಡಿ, ಭೂಮಿ ನೋಡಿ, ಕೊನೆಗೆ ಒಂದು ಹಿಡಿ ಬೀನ್ಸು ಮೇಲೆ ಹಾಕುವವರೆಗೂ. ಅದು ಕೊಸರು. ತೂಕ ಸರಿಯಾಗಿರುವುದು ನ್ಯಾಯ, ಅದರ ಮೇಲೆ ಕೊಸರು ಬೀಳುವುದು ಮರ್ಯಾದೆ. ಕಾಯಿದೆಯಲ್ಲಿ ಕೊಸರು ಇಲ್ಲ, ಆದರೆ ಕೊಸರಿಲ್ಲದ ವ್ಯಾಪಾರ ನಾನು ಕಂಡಿಲ್ಲ.

ಇವತ್ತು ನಡೆದು ಬಂದು ತಕ್ಕಡಿ ಹತ್ತಿದೆ. ಮುಳ್ಳು ಕೊಂಚ ಹಿಂದೆ ಸರಿದಿತ್ತು. ಅಷ್ಟು ನೀರು ಕುಡಿದೆ. ಮೇಲೆ ಎರಡು ಲೋಟ ಕೊಸರು. ನನ್ನ ದೇಹಕ್ಕೆ ನಾನೇ ಮೋಸ ಮಾಡುವುದು ಬೇಡ.

ಮಾರ್ಚ್ ೧೪, ಶುಕ್ರವಾರ

ಸೊಸೆಯ ಬಾಟಲಿ ದಿನಾ ಬರುತ್ತಿದೆ, ದಿನಾ ಹಾಗೆಯೇ ವಾಪಸು ಹೋಗುತ್ತಿದೆ. ಇವತ್ತು ಮುಚ್ಚಳ ತೆಗೆದು ನಾಲಿಗೆಯ ತುದಿಗೆ ಒಂದು ಹನಿ ಇಟ್ಟುಕೊಂಡೆ. ಹುಳಿ, ಸಿಹಿ, ಅದರ ಹಿಂದೆಯೇ ಉಪ್ಪು.

ಉಪ್ಪು! ಬಿಪಿಗೆ ದಿನಾ ಮಾತ್ರೆ ನುಂಗುವವನು ನಾನು. ಉಪ್ಪು ಕಮ್ಮಿ ಮಾಡಿ ಎಂದು ಮಾತ್ರೆ ಬರೆದುಕೊಟ್ಟ ಡಾಕ್ಟರು ಹೇಳಿದ್ದರು. ನಾನು ಕಮ್ಮಿಯಲ್ಲ, ಊಟದಲ್ಲಿ ಪೂರ್ತಿ ಬಿಟ್ಟಿದ್ದೇನೆ. ತಟ್ಟೆಯ ಪಕ್ಕದ ಉಪ್ಪಿನ ಡಬ್ಬಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸೊಸೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ಇದು ಗೊತ್ತಿಲ್ಲದ ವಿಷಯವೇ? ಗೊತ್ತಿದ್ದೂ ಕೊಡುತ್ತಾಳೆ ಎಂದರೆ ಒಂದೇ ಅರ್ಥ. ಬಿಪಿ ಏರಬೇಕು, ಮುದುಕ ಇನ್ನೊಮ್ಮೆ ಬೀಳಬೇಕು, ಬಟ್ಟು ಬೀಗಿತ್ತಿಯ ಮನೆಗೆ ಹೋಗಬೇಕು. ಸರ್ಕಮ್‌ಸ್ಟ್ಯಾನ್ಷಿಯಲ್ ಎವಿಡೆನ್ಸ್ ಎನ್ನುತ್ತಾರೆ ಇದಕ್ಕೆ. ಕಾಗುಣಿತ ಕೇಳಿದರೆ ಹೇಳಲಾರೆ, ಅರ್ಥ ಹೇಳಬಲ್ಲೆ: ಸಾಂದರ್ಭಿಕ ಸಾಕ್ಷ್ಯ.

ಮಾತಾಡುವವಳಾದರೆ ಕೇಳಬಹುದಿತ್ತು. ಅವಳದು ಎಕ್ಸ್‌ರೇ ಕೋಣೆಯ ಅಭ್ಯಾಸ. ಮೂಳೆ ಮುರಿದದ್ದು ಕಣ್ಣಿಗೆ ರಾಚುತ್ತಿದ್ದರೂ "ಡಾಕ್ಟ್ರು ಹೇಳ್ತಾರೆ, ಹೊರಗೆ ಕೂತಿರಿ" ಎನ್ನುವವಳು. ಮನೆಯಲ್ಲೂ ಹಾಗೆಯೇ. ಒಳಗಿನದೆಲ್ಲ ನೋಡಿರುತ್ತಾಳೆ, ರಿಪೋರ್ಟ್ ಮಾತ್ರ ಕೊಡುವುದಿಲ್ಲ.

ಬಾಟಲಿಯನ್ನು ಬಾಲ್ಕನಿಯ ಕುಂಡದಲ್ಲಿ ಖಾಲಿ ಮಾಡಿ, ತೊಳೆದು, ಅದರ ತುಂಬ ನಲ್ಲಿ ನೀರು ಹಿಡಿದುಕೊಂಡು ಹೋದೆ. ಸಂಜೆ ಅವಳು ಖಾಲಿ ಬಾಟಲಿ ನೋಡಿ "ಕುಡಿದ್ರಾ ಮಾವ?" ಎಂದಳು. ಹ್ಞೂಂ ಎಂದೆ. ಸಮಾಧಾನವಾದವಳ ಹಾಗೆ ಕಂಡಳು. ಅದೂ ಅನುಮಾನಕ್ಕೆ ಆಸ್ಪದ ಕೊಡುವ ಸಂಗತಿಯೇ.

ಮಾರ್ಚ್ ೨೦, ಗುರುವಾರ

ಕುಂಡದ ಗಿಡ ಬಾಡಿದೆ! ಬರೀ ಬಾಡಿದ್ದಲ್ಲ, ಎಲೆಯ ಅಂಚು ಸುಟ್ಟ ಕಾಗದದಂತಾಗಿದೆ. ದಿನಾ ಅವಳ ಬಾಟಲಿಯನ್ನೇ ಕುಡಿದದ್ದು ಆ ಗಿಡ. ಪಕ್ಕದ ಕುಂಡದ್ದು, ನಾನು ನೀರು ಹಾಕಿದ್ದು, ಮದುಮಗನ ಹಾಗೆ ನಿಂತಿದೆ.

ಇನ್ನುಮುಂದೆ ನನ್ನ ಹೊಟ್ಟೆಗೆ ಹೋಗುವುದು ನಾನೇ ನಲ್ಲಿಯಿಂದ ಹಿಡಿದ ನೀರು, ಬರೀ ನೀರು, ಧಾರಾಳವಾಗಿ.

ಮಾರ್ಚ್ ೨೨, ಶನಿವಾರ

ಲಿಟ್ಮಸ್‌ನನ್ನು ಕರೆಸಿದೆ. ನನ್ನ ಹಳೆಯ ಗೆಳೆಯ, ಸರ್ಕಾರಿ ಪ್ರಯೋಗಾಲಯದಲ್ಲಿ ಹಾಲು, ಎಣ್ಣೆ ಪರೀಕ್ಷೆ ಮಾಡುತ್ತಿದ್ದವನು. ಇಬ್ಬರೂ ಸೇರಿ ಎಷ್ಟೋ ಅಂಗಡಿಗಳ ಬಾಗಿಲು ಹಾಕಿಸಿದ್ದೇವೆ. ಈಗ ಅವನಿಗೂ ವಯಸ್ಸಾಗಿದೆ, ಕಿವಿ ಮಂದ, ಬಾಯಿ ಚುರುಕು. ಬಾಲ್ಕನಿಗೆ ಕರೆದೊಯ್ದು ಬಾಗಿಲು ಹಾಕಿ, ಬಾಟಲಿ ಕೈಗೆ ಕೊಟ್ಟು, ಗಿಡ ತೋರಿಸಿದೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ, ಮೂಸಿದ, ಒಂದು ಗುಟುಕು ಬಾಯಲ್ಲಿ ಆಡಿಸಿದ.

"ಉಪ್ಪು, ಸಕ್ಕರೆ, ನಿಂಬೆಹಣ್ಣು. ಚೆನ್ನಾಗಿದೆ ಕಣೋ."

ಗಿಡ ಸತ್ತಿದೆಯಲ್ಲ ಎಂದೆ.

"ಗಿಡಕ್ಕೆ ದಿನಾ ಉಪ್ಪುನೀರು ಹುಯ್ದರೆ ಸಾಯ್ದೆ ಇನ್ನೇನು ಕುಣಿಯುತ್ತಾ? ನಿನಗೇನು ಬೇರು ಬಿಟ್ಟಿದ್ಯಾ?"

ಹೀಗೆ ಹೇಳಿ ಉಳಿದದ್ದನ್ನೂ ಗಟಗಟ ಕುಡಿದು ಮುಗಿಸಿದ. ಇದ್ದ ಒಂದೇ ಸ್ಯಾಂಪಲ್! ಸೀಲು ಮಾಡಿ ಎರಡು ಭಾಗ ಇಟ್ಟುಕೊಳ್ಳಬೇಕೆಂಬ ಮೊದಲ ಪಾಠವನ್ನೇ ಮರೆತ ಮನುಷ್ಯ. ಹೋಗುವಾಗ ಬಾಗಿಲಲ್ಲಿ ಸೊಸೆಯ ಹತ್ತಿರ ಏನೋ ಹೇಳಿ ನಕ್ಕ, ಅವಳೂ ನಕ್ಕಳು. ನನ್ನ ಜೊತೆ ನಗದವಳು ಲಿಟ್ಮಸ್ ಜೊತೆ ನಗುತ್ತಾಳೆ. ಅವನನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೇನೆ.

ಮಾರ್ಚ್ ೨೭, ಗುರುವಾರ

ಬೀಗಿತ್ತಿ ಬಂದಿದ್ದಾರೆ. ಹೊಲಿಗೆ ಅಂಗಡಿ ನಡೆಸುವ ಹೆಂಗಸು. ಕೊರಳಲ್ಲಿ ಯಾವಾಗಲೂ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ ಇದ್ದರೂ ಮಾತು ನಿಲ್ಲದು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಬೀಗ್ರೇ, ಕಾಲರ್ ಬಿಗಿಯಾಗಿದೆ. ದಪ್ಪ ಆದ್ರಾ?" ಎಂದರು. ವ್ಯಾಯಾಮ ಎಂದೆ. "ಕತ್ತಿಗೂ ವ್ಯಾಯಾಮ ಮಾಡ್ತೀರಾ?" ಎಂದರು.

ನೀರು ಹಿಡಿದುಕೊಳ್ಳಲು ಹೋದಾಗ ಅಡುಗೆಮನೆಯೊಳಗೆ ತಾಯಿ ಮಗಳು ಪಿಸುಗುಡುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತೆ. ಇದು ತಪ್ಪಲ್ಲ, ತಪಾಸಣೆ.

"ಮುಖ ಊದಿದ ಹಾಗಿದೆ ಅಮ್ಮ. ನಾನು ಕೊಡೋದು ಕುಡೀತಿದ್ದಾರೋ ಇಲ್ವೋ."

"ಕೇಳು ಮತ್ತೆ."

"ಕೇಳಿದ್ರೆ ವಿಚಾರಣೆ ಶುರು ಮಾಡ್ತಾರೆ. ಹೀಗೇ ಇದ್ರೆ ಮಗೂನ ಹೇಗೆ ಇವರ ಕೈಗೆ ಬಿಟ್ಟು ಹೋಗ್ಲಿ, ಹೇಳು."

ಅಲ್ಲಿಗೆ ಎಲ್ಲ ಬಯಲಾಯಿತು. ತಾಯಿ ಬಂದಿರುವುದು ಮಗುವನ್ನು ಒಯ್ಯುವುದಕ್ಕೆ. ಅಳತೆ ಟೇಪು ನೆಪ.

ಕೋಣೆಗೆ ಬಂದೆ. ಬಟ್ಟು ನನ್ನ ಹಾಸಿಗೆಯ ಮೇಲೆ ಮೊಣಕಾಲೂರಿ ನಿಂತು ಕಿಟಕಿಯ ಪರದೆ ತಿನ್ನುತ್ತಿದ್ದಳು. ಎತ್ತಿಕೊಂಡೆ. ಹೋದ ತಿಂಗಳಿಗಿಂತ ಭಾರ. ತಕ್ಕಡಿ ಬೇಕಿಲ್ಲ, ಕೈಯೇ ಹೇಳುತ್ತದೆ. ಈ ಕೈಗೆ ಒಮ್ಮೆ ಕೊಟ್ಟ ಸಕ್ಕರೆ ಪೊಟ್ಟಣ ತಕ್ಕಡಿಗೆ ಹೋಗುವ ಮೊದಲೇ ತಪ್ಪೊಪ್ಪಿಕೊಳ್ಳುತ್ತಿತ್ತು. ಈ ಕೈಯಿಂದ ಇವಳನ್ನು ಯಾರು ಕಿತ್ತುಕೊಳ್ಳುತ್ತಾರೋ ನೋಡುತ್ತೇನೆ.

ನಾಳೆಯಿಂದ ಸಂಜೆಯೂ ನಡೆಯುತ್ತೇನೆ.

ಏಪ್ರಿಲ್ ೨, ಬುಧವಾರ

ಬಿಸಿಲು ಸುಡುತ್ತಿದೆ. ನಡಿಗೆ ಎರಡು ಹೊತ್ತು. ತಕ್ಕಡಿಯಲ್ಲಿ ಈಗ ವಾಪಸು ಬಂದಾಗ ತೂಕ ಕಮ್ಮಿಯಾಗುವುದೇ ಇಲ್ಲ, ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ. ದಾರಿಯುದ್ದಕ್ಕೂ ಕುಡಿಯುತ್ತಲೇ ಇರುತ್ತೇನಲ್ಲ. ಕೊಸರು ಮುಂಗಡ ಜಮಾ.

ಬೆರಳು ದಪ್ಪವಾಗಿ ಉಂಗುರ ಕಚ್ಚಿಕೊಂಡಿದೆ. ಸ್ನಾಯು ಬೆಳೆಯುತ್ತಿದೆ. ಪ್ರ್ಯಾಕ್ಟೀಸ್ ಮೇಕ್ಸ್ ಎ ಮ್ಯಾನ್... ಮುಂದೆ ಏನೋ ಇದೆ.

ತಲೆನೋವು ಮಾತ್ರ ಬಿಡುತ್ತಿಲ್ಲ. ನೀರು ಸಾಲುತ್ತಿಲ್ಲ ಎಂದು ತೋರುತ್ತದೆ. ಇವತ್ತು ಸೀಟಿ ಪಕ್ಕಕ್ಕೆ ಕರೆದು ಎಷ್ಟು ಬಾಟಲಿ ಆಯಿತು ಯಜಮಾನ್ರೇ ಎಂದು ವಿಚಾರಿಸಿದ. ದಾಹ ಆಗದೆ ಕುಡಿಯಬೇಡಿ, ಊಟಕ್ಕೆ ಉಪ್ಪು ಹಾಕಿಕೊಳ್ಳುತ್ತೀರಿ ತಾನೇ ಎಂದ. ಭಾವಮೈದನ ವ್ಯಾಪಾರಕ್ಕೆ ನಲ್ಲಿ ನೀರೇ ಶತ್ರು. ಬರುತ್ತಾ ಅವನ ಎದುರಿಗೇ ಇನ್ನೊಂದು ಬಾಟಲಿ ಮುಗಿಸಿದೆ.

ಏಪ್ರಿಲ್ ೫, ಶನಿವಾರ

ಮೈದಾನದ ಗೋಡೆಯ ಹಿಂದೆ ವಾಂತಿಯಾಯಿತು. ಯಾರೂ ನೋಡಲಿಲ್ಲ. ಬಾಯಿ ತೊಳೆದು, ಹೋದಷ್ಟು ನೀರು ಮತ್ತೆ ಕುಡಿದೆ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಬಟ್ಟು ಕೈತಪ್ಪಿದ ಹಾಗೆಯೇ.

ಏಪ್ರಿಲ್ ೮, ಮಂಗಳವಾರ

ಇವತ್ತು ಪರೀಕ್ಷೆ. ಕೆಲಸಕ್ಕೆ ಮರಳುವ ಮೊದಲು ಏನೋ ಕಾಗದಪತ್ರಕ್ಕೆಂದು ಸೊಸೆ ಆಸ್ಪತ್ರೆಗೆ ಹೋಗಿದ್ದಾಳೆ, ಮಧ್ಯಾಹ್ನದವರೆಗೆ. ಮಗ ರೈಲಿನಲ್ಲಿ. ಬೀಗಿತ್ತಿ ತಮ್ಮ ಊರಿನಲ್ಲಿ. ಮಗು ನನ್ನ ಕೈಯಲ್ಲಿ. ಬಾಗಿಲಲ್ಲಿ ಅವಳು ಹಿಂದೆ ತಿರುಗಿ ತಿರುಗಿ ನೋಡಿದಳು. ಫೋನ್ ಹತ್ತಿರ ಇಟ್ಟುಕೊಳ್ಳಿ ಮಾವ ಎಂದು ಎರಡು ಸಲ ಹೇಳಿದಳು. ನಂಬಿಕೆ ಎಷ್ಟಿದೆ ಎಂದು ತಿಳಿಯಿತು.

ಗಟ್ಟಿಯಾಗಿರಬೇಕೆಂದು ಬೆಳಿಗ್ಗೆ ಹೆಚ್ಚು ನಡೆದೆ, ಹೆಚ್ಚು ಕುಡಿದೆ. ಬಟ್ಟು ಮಲಗಿದ್ದಾಳೆ.

ತಲೆ ಭಾರ. ಗಡಿಯಾರದ ಮುಳ್ಳು ಇದೆ, ಎಷ್ಟು ಹೊತ್ತೆಂದು ಅದು ಹೇಳುತ್ತಿಲ್ಲ. ಅಡುಗೆಮನೆಯಲ್ಲಿ ಅವಳು ನಲ್ಲಿ ಬಿಟ್ಟಿದ್ದಾಳೆ, ನಿಲ್ಲಿಸೇ ಎಂದು ಕೂಗಿದೆ. ತರಕಾರಿ ತೊಳೆಯುತ್ತಿದ್ದಾಳೆ. ಮಗು ಅಳುತ್ತಿದೆ. ಯಾರ ಮಗು

ಏಪ್ರಿಲ್ ೧೧, ಶುಕ್ರವಾರ

ಆಸ್ಪತ್ರೆ. ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿದ್ದಾರೆ, ಬರೆಯಲು ಕಷ್ಟ. ದಿನಚರಿ ಮನೆಯಿಂದ ತರಿಸಿಕೊಂಡೆ. ಸೊಸೆಯೇ ತಂದುಕೊಟ್ಟಳು. ಓದಿದ್ದಾಳೋ ಇಲ್ಲವೋ ಎಂದು ಮೂಲೆ ಮಡಚಿದೆಯೇ ನೋಡಿದೆ. ಇಲ್ಲ.

ಆವತ್ತು ನಡೆದದ್ದು ನನಗೆ ನೆನಪಿರುವಷ್ಟು: ಮಗು ಅಳುತ್ತಿತ್ತು. ಎತ್ತಿಕೊಂಡೆ. ಎತ್ತಿಕೊಂಡರೆ ತೂಕವೇ ಇಲ್ಲ. ಕೈಯಲ್ಲಿ ಏನೋ ಇದೆ ಎಂದು ಕಣ್ಣಿಗೆ ಕಾಣುತ್ತಿದೆ, ಕೈ ಮಾತ್ರ ಏನೂ ಹೇಳುತ್ತಿಲ್ಲ. ಅದು ಹಗುರವೋ ಭಾರವೋ, ಗಟ್ಟಿಯಾಗಿ ಹಿಡಿದಿದ್ದೇನೋ ಸಡಿಲವಾಗಿ ಹಿಡಿದಿದ್ದೇನೋ ತಿಳಿಯಲಿಲ್ಲ. ಹೆಸರು ಮರೆತಿತ್ತು, ಹೊತ್ತು ಮರೆತಿತ್ತು, ಅಡುಗೆಮನೆಯಲ್ಲಿ ಸತ್ತ ಹೆಂಡತಿ ನಿಂತಿದ್ದಳು, ಅದಕ್ಕೆಲ್ಲ ಹೆದರಲಿಲ್ಲ. ಕೈಗೆ ಹೆದರಿದೆ. ಈ ಕೈಯಲ್ಲಿ ಮಗು ಇರಬಾರದು ಎನ್ನಿಸಿತು. ನೆಲದ ಮೇಲೆ ಚಾಪೆ, ಸುತ್ತ ದಿಂಬು, ನಡುವೆ ಅವಳನ್ನು ಕೂರಿಸಿದೆ.

ಫೋನ್ ಕೈಗೆತ್ತಿಕೊಂಡದ್ದೂ ನೆನಪಿದೆ, ಒತ್ತುವ ಮೊದಲು ನಿಂತದ್ದೂ ನೆನಪಿದೆ. ಒತ್ತಿದರೆ ಮಗು ಹೋಯಿತು ಎಂಬುದು ಆ ಮಬ್ಬಿನಲ್ಲೂ ಗೊತ್ತಿತ್ತು. ಒತ್ತಿದೆ. ಏನು ಹೇಳಿದೆನೋ ನನಗೆ ನೆನಪಿಲ್ಲ. ಸೊಸೆ ಹೇಳುತ್ತಾಳೆ, "ಬಾರಮ್ಮ, ನನ್ನ ಕೈ ಸುಳ್ಳು ಹೇಳ್ತಿದೆ" ಎಂದೆನಂತೆ. ಮುಂದಿನ ಬಾಗಿಲು ತೆರೆದಿಟ್ಟು ಹೊಸಿಲಿನಲ್ಲಿ ಕೂತಿದ್ದೆನಂತೆ, ಅವಳು ಬರುವಷ್ಟರಲ್ಲಿ ಅಲ್ಲೇ ಒರಗಿದ್ದೆನಂತೆ. ಆಂಬುಲೆನ್ಸಿನವರ ಹತ್ತಿರ ಆಕ್ಸಿಜನ್ ಸಿಲಿಂಡರಿಗೆ ಮುದ್ರೆ ಇದೆಯೇ ಎಂದು ಕೇಳಿದೆನಂತೆ. ಇದನ್ನು ನಾನು ನಂಬುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಯೇ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ನಿಮಗೆ ಯಾರೂ ವಿಷ ಹಾಕಿಲ್ಲ, ನೀರು ಹಾಕಿದ್ದಾರೆ, ಅದೂ ನೀವೇ ಎಂದರು. ಬಿಪಿ ಮಾತ್ರೆ ಉಚ್ಚೆಯಲ್ಲಿ ಉಪ್ಪು ಕಳಿಸುತ್ತಿತ್ತಂತೆ, ಬೆವರಿನಲ್ಲಿ ಇನ್ನಷ್ಟು ಹೋಯಿತಂತೆ, ಊಟದಲ್ಲಿ ನಾನು ಬಿಟ್ಟೇ ಬಿಟ್ಟಿದ್ದೆ. ಅದರ ಮೇಲೆ ಕೊಡಗಟ್ಟಲೆ ಬರೀ ನೀರು. ರಕ್ತದ ಉಪ್ಪು ತೆಳ್ಳಗಾಗಿ ಮಿದುಳಿಗೆ ನೀರು ಸೇರಿ ಊದಿಕೊಂಡಿತಂತೆ. ತಲೆನೋವು, ವಾಂತಿ, ಬೆರಳ ಊತ ಎಲ್ಲ ಅದೇ.

"ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ನೀವು ಉಲ್ಟಾ ಹೊಡೆದ್ರಿ" ಎಂದರು.

ಹಾಗಾದರೆ ಎಷ್ಟು ಕುಡಿಯಬೇಕು ಎಂದೆ. ದಾಹವಾದಾಗ ಕುಡಿಯಿರಿ, ತೀರಿದಾಗ ನಿಲ್ಲಿಸಿ ಎಂದರು. ಅಳತೆ ಹೇಳಲಿಲ್ಲ. ಇಷ್ಟು ಓದಿದವರು ಅಳತೆಯೇ ಇಲ್ಲದ ಉತ್ತರ ಕೊಡುತ್ತಾರೆ. ಮಾತ್ರೆ ಬದಲಾಯಿಸಿದ್ದಾರೆ.

ಏಪ್ರಿಲ್ ೧೪, ಸೋಮವಾರ

ಮನೆಗೆ ಬಂದೆ. ಬೀಗಿತ್ತಿ ಬಂದಿದ್ದಾರೆ. ಬಟ್ಟುವಿನ ಅಂಗಿ, ಚಡ್ಡಿ, ಹಾಲಿನ ಬಾಟಲಿ ಎಲ್ಲವನ್ನೂ ನಾನೇ ಒಂದು ಚೀಲಕ್ಕೆ ತುಂಬಿ ಅವರ ಮುಂದೆ ಇಟ್ಟೆ. ಅವರು ಕೇಳುವುದಕ್ಕಿಂತ ಮೊದಲೇ ಕೊಟ್ಟುಬಿಡುವುದು ಮರ್ಯಾದೆ. ತಪ್ಪು ತೋರಿಸುವ ತಕ್ಕಡಿಯನ್ನು ಅಂಗಡಿಯಲ್ಲಿ ಬಿಡುವುದಿಲ್ಲ, ಅದು ನನ್ನದಾದರೂ ಅಷ್ಟೆ.

ಬೀಗಿತ್ತಿ ಚೀಲ ನೋಡಿದರು, ನನ್ನನ್ನು ನೋಡಿದರು.

"ಇದೇನು ಬೀಗ್ರೇ? ನಾನೆಲ್ಲಿ ಸಾಕ್ಲಿ? ನನ್ನ ಅಂಗಡಿ ತುಂಬ ಕತ್ತರಿ, ಸೂಜಿ, ಇಸ್ತ್ರಿ ಪೆಟ್ಟಿಗೆ. ಇವಳು ಒಂದೇ ದಿನದಲ್ಲಿ ಗುಂಡಿ ಡಬ್ಬಿ ಖಾಲಿ ಮಾಡ್ತಾಳೆ, ಹೊಟ್ಟೆಗೆ. ನಾನು ಮಗಳಿಗೆ ಮೊದ್ಲಿಂದ ಹೇಳ್ತಿದ್ದೀನಿ, ನಿನ್ನ ಮಾವನ್ನ ಗಟ್ಟಿ ಮಾಡ್ಕೋ ಅಂತ."

ಇಷ್ಟು ದಿನ ಯಾರ ಮೇಲೆ ಕಣ್ಣಿಟ್ಟಿದ್ದೆನೋ ಆ ಹೆಂಗಸಿಗೆ ಮಗುವೇ ಬೇಡವಂತೆ. ಹೀಗೂ ಇರಬಹುದೇ, ಅಥವಾ ಇದರಲ್ಲಿ ಬೇರೇನಾದರೂ ಇದೆಯೋ?

ಸಂಜೆ ಸೊಸೆ ನನ್ನ ಕೋಣೆಗೆ ಬಂದು, ಅಪರೂಪಕ್ಕೆ, ಕುರ್ಚಿ ಎಳೆದುಕೊಂಡು ಕೂತಳು. ಫೆಬ್ರವರಿಯಲ್ಲಿ ಬಿದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲೇ ಉಪ್ಪಿನಂಶ ಕಮ್ಮಿಯಿತ್ತಂತೆ. ಬಿಸಿಲಿನಲ್ಲಿ ನಡೆಯುವವರಿಗೆ ಏನು ಕೊಡಲಿ ಎಂದು ಡಾಕ್ಟರನ್ನು ಕೇಳಿಕೊಂಡೇ ಆ ಬಾಟಲಿ ಮಾಡುತ್ತಿದ್ದಳಂತೆ. ನನಗೇಕೆ ಹೇಳಲಿಲ್ಲ ಎಂದೆ.

"ಹೇಳ್ಬೇಕಿತ್ತು ಮಾವ. ನೋಡೋದು ನನ್ನ ಕೆಲಸ, ಹೇಳೋದು ಬೇರೆಯವರ ಕೆಲಸ ಅಂತ ಅಭ್ಯಾಸ ಆಗಿಬಿಟ್ಟಿದೆ. ಅತ್ತೆ ಇದ್ದಿದ್ರೆ ಅವರ ಬಾಯಲ್ಲಿ ಹೇಳಿಸ್ತಿದ್ದೆ."

ಅತ್ತೆ ಇದ್ದಿದ್ದರೆ ನಿಂಬೆಹಣ್ಣಿನ ಜೊತೆ ನನ್ನ ಕಿವಿಯನ್ನೂ ಹಿಂಡುತ್ತಿದ್ದಳು ಎಂದೆ. ಅವಳು ನಕ್ಕಳು. ಲಿಟ್ಮಸ್ ಆವತ್ತು ಬಾಗಿಲಲ್ಲಿ ಏನು ಹೇಳಿ ನಗಿಸಿದ ಎಂದು ಕೇಳಿದೆ. "ನಿಮ್ಮ ಮಾವನ ಗಿಡಕ್ಕೆ ಬಿಪಿ ಬಂದಿದೆಯಂತೆ ಅಂದ್ರು. ನನಗೆ ಅರ್ಥವಾಗಿರ್ಲಿಲ್ಲ, ತಮಾಷೆ ಅಂದ್ಕೊಂಡೆ" ಎಂದಳು.

ಮಗುವಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತುಂಬಿದ ಚೀಲ ಮೂಲೆಯಲ್ಲಿದೆ.

ಏಪ್ರಿಲ್ ೧೭, ಗುರುವಾರ

ಮಗ ಡ್ಯೂಟಿಯಿಂದ ಬಂದ. ಒಳಗೆ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು. ಶಿಶುವಿಹಾರ ವಿಚಾರಿಸಿ ಬಂದಿದ್ದೇನೆ, ಸೋಮವಾರದಿಂದ ಅಲ್ಲಿಗೇ ಎಂದು ಅವನು ಹೇಳಿದ್ದು ಕೇಳಿಸಿತು. ಸರಿಯಾದ ಮಾತೇ. ನಾನಾದರೂ ಹಾಗೆಯೇ ಬರೆಯುತ್ತಿದ್ದೆ. ಅವಳ ಉತ್ತರ ಕೇಳಲಿಲ್ಲ. ಎದ್ದು ಬಾಲ್ಕನಿಗೆ ಹೋಗಿಬಿಟ್ಟೆ. ಬಾಗಿಲ ಮರೆಯಲ್ಲಿ ನಿಲ್ಲಬೇಕು ಅನ್ನಿಸಲಿಲ್ಲ, ಕಾಲು ನೋಯುತ್ತಿತ್ತೋ ಏನೋ.

ಬೆಳಿಗ್ಗೆ ಮೈದಾನಕ್ಕೆ ನಿಧಾನವಾಗಿ ಒಂದು ಸುತ್ತು ಹೋಗಿಬಂದೆ. ಬಾಟಲಿ ಮಬ್ಬಾಗಿತ್ತು. ಬಾಯಾರಿದಾಗ ಕುಡಿದೆ, ಅರ್ಧ ಉಳಿಯಿತು. ಉಪ್ಪು ಒಂಚೂರು ಹೆಚ್ಚಾಗಿತ್ತು ಎಂದು ಬಂದು ಹೇಳಿದೆ. ನಾಳೆ ಕಮ್ಮಿ ಹಾಕ್ತೀನಿ ಮಾವ ಎಂದಳು. ಸೀಟಿ ನನ್ನನ್ನು ನೋಡಿ ಓಡಿಬಂದ, ಆಸ್ಪತ್ರೆಗೆ ಎರಡು ಸಲ ಬಂದಿದ್ದನಂತೆ, ನನಗೆ ಪ್ರಜ್ಞೆ ಇರಲಿಲ್ಲವಂತೆ. ಆಗಲೂ ಸೀಟಿ ಊದಲಿಲ್ಲ. ಅದರೊಳಗೆ ಗೋಲಿಯೇ ಇಲ್ಲವೆಂದು ನನ್ನ ಅನುಮಾನ.

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಎಲ್ಲ ಗಡಿಬಿಡಿ. ಮಗ ನಸುಕಿನಲ್ಲೇ ರೈಲಿಗೆ ಹೋದ. ಹೋಗುವಾಗ ಕೋಣೆಯಲ್ಲಿ ಇಣುಕಿ "ಅಪ್ಪ, ಅವಳು ಹೇಳಿದ ಹಾಗೆ ಆಗ್ಲಿ" ಎಂದಷ್ಟೇ ಹೇಳಿದ. ಏನು ಹೇಳಿದಳು, ಏನು ಆಗಲಿ, ಒಂದೂ ತಿಳಿಯಲಿಲ್ಲ. ನಾನು ಅಂಗಿ ಹಾಕಿಕೊಂಡು ಶಿಶುವಿಹಾರಕ್ಕೆ ಚೀಲ ಹೊತ್ತು ಹೋಗಲು ತಯಾರಾಗಿ ಕೂತಿದ್ದೆ. ಹುಡುಗಿ ಕೆಲಸದ ಬಟ್ಟೆ ತೊಟ್ಟು ಬಂದವಳೇ ಬಟ್ಟುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಹನ್ನೊಂದಕ್ಕೆ ಹಾಲು, ಆಮೇಲೆ ನಿದ್ದೆ, ಎದ್ದರೆ ಬಾಳೆಹಣ್ಣು ಕಿವುಚಿ ಕೊಡಿ ಎಂದು ಹೇಳಿ ಚಪ್ಪಲಿ ಮೆಟ್ಟಿದಳು. ಶಿಶುವಿಹಾರದ ವಿಷಯ ಏನಾಯಿತೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹೊರಟಳು, ಈ ಸಲ ಹಿಂದೆ ತಿರುಗಿ ನೋಡಲಿಲ್ಲ. ಬಸ್ಸಿಗೆ ತಡವಾಗಿರಬೇಕು.

ಹಾಲು ಆಯಿತು. ಅವಳ ಪಾಲಿನದು ಅರ್ಧ ನನ್ನ ಅಂಗಿಯ ಮೇಲಾಯಿತು. ಮಲಗಿಸಿದೆ. ಫೋನನ್ನು ಎದುರಿಗೆ ಇಟ್ಟುಕೊಂಡು ಕೂತೆ. ಹೇಗಿದ್ದೀರಿ, ತಲೆ ಸರಿ ಇದೆಯೇ, ಮಗು ಎಲ್ಲಿ ಎಂದು ಕರೆ ಬರುತ್ತದೆ, ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬರಲಿಲ್ಲ. ಊಟದ ಹೊತ್ತಿಗಾದರೂ ಮಾಡುತ್ತಾಳೆ ಎಂದುಕೊಂಡೆ. ಊಟದ ಹೊತ್ತೂ ಕಳೆಯಿತು. ಫೋನ್ ಸತ್ತಿದೆಯೋ ಎಂದು ತಿರುಗಿಸಿ ನೋಡಿದೆ, ಸತ್ತಿರಲಿಲ್ಲ. ಪಕ್ಕದ ಮನೆಯವರಿಗೆ ನನ್ನ ಮೇಲೆ ಕಣ್ಣಿಡಲು ಹೇಳಿದ್ದಾಳೋ ಎಂದು ಬಾಗಿಲು ತೆರೆದು ನೋಡಿದೆ. ಅವರ ಮನೆಗೆ ಬೀಗ. ಒಬ್ಬ ತಾಯಿ ಇಷ್ಟು ಹೊತ್ತು ವಿಚಾರಿಸದೆ ಇರುವುದೆಂದರೆ ಏನು? ಇದರಲ್ಲಿ ಖಂಡಿತ ಏನೋ ಇದೆ.

ತಡೆಯಲಾಗದೆ ನಾನೇ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು, "ಏನಾಯ್ತು ಮಾವ?"

ಏನೂ ಆಗಿಲ್ಲ, ಎಲ್ಲ ಸರಿ ಇದೆ ಎಂದೆ. ನೀನು ಒಂದು ಸಲವೂ ಫೋನ್ ಮಾಡಲಿಲ್ಲ, ಯಾಕೆ ಎಂದು ಕೇಳಿದೆ.

ಆ ಕಡೆ ಯಾರಿಗೋ ಉಸಿರು ಹಿಡಿದುಕೊಳ್ಳಿ ಎಂದಳು. ಮಷೀನು ಗುಂಯ್ ಎಂದಿತು. ಬಿಡಿ ಎಂದಳು. ಆಮೇಲೆ ನನಗೆ:

"ಏನಾದ್ರೂ ಆಗಿದ್ರೆ ನೀವೇ ಮಾಡ್ತಿದ್ರಲ್ಲ ಮಾವ."

ಇಟ್ಟುಬಿಟ್ಟಳು. ಅವಳಿಗೆ ಅಲ್ಲಿ ಸರದಿಯಲ್ಲಿ ಜನ.

ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಕೂತಿದ್ದೇನೆ. ತಕ್ಕಡಿ ಬಟ್ಟಲಿನ ಹಾಗೆ ಅದರ ತಳ ನೋಡಿದೆ, ಮೇಣ ಮೆತ್ತಿದ ಹಾಗೆ ಕಾಣುವುದಿಲ್ಲ. ಇನ್ನೊಮ್ಮೆ ನೋಡಬೇಕು ಎಂದುಕೊಳ್ಳುವಷ್ಟರಲ್ಲಿ ಒಳಗೆ ದಿಂಬು ಸರಿದ ಸದ್ದು. ಎದ್ದಳು. ಬಾಳೆಹಣ್ಣು ಕಿವುಚಬೇಕು.